ಕೊನೆಯ ಪ್ಯಾರಾ

ಜನವರಿ ೯

ಪ್ರೀತಿಯ ತಮ್ಮನಿಗೆ,

ನಿನ್ನ ಮೊದಲ ಅಂಕಣ ಬಂದ ಪತ್ರಿಕೆಯನ್ನು ನಿನ್ನ ಭಾವ ಮೂರು ಪ್ರತಿ ತಂದಿದ್ದಾರೆ. ಒಂದು ನಮಗೆ, ಒಂದು ಕೆಳಗಿನ ಅಂಗಡಿಯ ಟೈಲರ್‌ಗೆ. ಮೂರನೆಯದು ಯಾರಿಗೆ ಎಂದು ಕೇಳಿದರೆ, ಇರಲಿ ಬಿಡು, ಮುಂದೆ ಬೆಲೆ ಬರುತ್ತದೆ ಎನ್ನುತ್ತಾರೆ. ಅಂಗಡಿಗೆ ಬಟ್ಟೆ ಹೊಲಿಸಲು ಬಂದವರಿಗೆಲ್ಲ 'ಇದು ಬರೆದೋನು ನಮ್ಮ ಭಾಮೈದ' ಎಂದು ಹೇಳುವ ಕೆಲಸವನ್ನು ಟೈಲರ್‌ಗೆ ವಹಿಸಿದ್ದಾರೆ.

ಹೊಗಳಿಕೆ ಇಲ್ಲಿಗೆ ಮುಗಿಯಿತು. ಈಗ ಬೈಯುತ್ತೇನೆ. ನನಗೆ ಕಿವಿ ಕೇಳಿಸದಿರುವುದರಿಂದ ನೀನು ಫೋನ್ ಮಾಡಿ ವಾದಿಸುವ ಹಾಗಿಲ್ಲ, ಅದೊಂದು ಅನುಕೂಲ.

ಸಕ್ಕರೆ ಕಾಯಿಲೆಯ ಸಂಶೋಧನೆಯ ಬಗ್ಗೆ ನೀನು ಬರೆದದ್ದೆಲ್ಲ ಸರಿಯೇ ಇರಬೇಕು. ಸರಿ ಇದ್ದರೆ ಸಾಲದು, ಓದಿಸಿಕೊಳ್ಳಬೇಕು. ವಾಕ್ಯ ವಾಕ್ಯಕ್ಕೂ ಒಂದು 'ಆದರೆ', ಅದರ ಬೆನ್ನಿಗೆ ಒಂದು 'ಆದಾಗ್ಯೂ', ಅದು ಸಾಲದೆಂದು 'ಇನ್ನೂ ಖಚಿತವಾಗಿಲ್ಲ'. ನಿನ್ನ ಭಾವ ಎಷ್ಟು ಅಭಿಮಾನದಿಂದ ಓದಲು ಕೂತಿದ್ದರೋ ಅಷ್ಟೇ ಬೇಗ ಕನ್ನಡಕ ಸಮೇತ ನಿದ್ದೆಹೋದರು. ಜನ ಒಂದು ಕಡೆ ನಡೆಯಲು ಶುರುಮಾಡಿದರೆ ನೀನು ಅಂಗಿ ಹಿಡಿದು ಹಿಂದಕ್ಕೆ ಎಳೆಯುತ್ತೀಯ. ಆ 'ಆದರೆ'ಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿಡು. ಪಂಪ್‌ಹೌಸ್‌ನಲ್ಲಿ ಆಯುಷ್ಯ ಕಳೆದ ನಿನ್ನ ಭಾವನಂಥವರು ಎದ್ದು ಕೂತು ಓದುವ ಹಾಗೆ ಬರೆ.

ಇದನ್ನು ಯಾಕೆ ಹೇಳುತ್ತೇನೆಂದರೆ, ವಾಚನಾಲಯದಲ್ಲಿ ಕೂತು ನಿಮ್ಮ ಪತ್ರಿಕೆಗಳು ಬರೆದದ್ದನ್ನೆಲ್ಲ ಓದಿದವಳು ನಾನು. ಮೊಟ್ಟೆಯ ಹಳದಿ ವಿಷ ಎಂದಿರಿ, ಆಮೇಲೆ ಅಮೃತ ಎಂದಿರಿ. ಮಕ್ಕಳು ಉದ್ದ ಬೆಳೆಯುತ್ತಾರೆಂದು ಒಂದು ಟಾನಿಕ್ಕನ್ನು ಮುಖಪುಟದಲ್ಲಿ ಮೆರೆಸಿದಿರಿ. ಅದು ಮೂತ್ರಪಿಂಡಕ್ಕೆ ಮುಳುವಾಯಿತು ಎಂದು ಗೊತ್ತಾದಾಗ ಸುದ್ದಿ ಬಂದದ್ದು ಹವಾಮಾನ ವರದಿಯ ಕೆಳಗೆ. ಆ ತಲೆಬರಹದ ಅಗಲವೂ ಆ ಕ್ಷಮೆಯ ಅಗಲವೂ ನನಗೆ ಇನ್ನೂ ನೆನಪಿದೆ. ಅದಕ್ಕೇ ನೀನು ಈ ಕೆಲಸಕ್ಕೆ ಸೇರಿದಾಗ ನನಗೆ ಸಮಾಧಾನವಾಯಿತು. ನಮ್ಮ ಮನೆಯವನು ಒಬ್ಬನಿದ್ದಾನೆ, ಸುಳ್ಳು ಹೇಳುವುದಿಲ್ಲ ಎಂದು.

ಭಾವ ಚೆನ್ನಾಗಿದ್ದಾರೆ. ಎದೆಯೊಳಗಿನ ಲೋಹದ ವಾಲ್ವ್ ಟಿಕ್ ಟಿಕ್ ಎನ್ನುತ್ತಿದೆಯಂತೆ. ಈಗ ನಾನು 'ಅಂತೆ' ಎಂದೇ ಬರೆಯಬೇಕು. ಆಪರೇಷನ್ ಆದ ಹೊಸದರಲ್ಲಿ ಆ ಸದ್ದಿಗೆ ನನಗೆ ನಿದ್ದೆ ಬರುತ್ತಿರಲಿಲ್ಲ, ಈಗ ಅದು ಕೇಳಿಸದೆ ಬರುವುದಿಲ್ಲ. ಅಂಗೈ ಇಟ್ಟು ನೋಡಿಕೊಂಡು ಮಲಗುತ್ತೇನೆ. ರಕ್ತ ತೆಳುವಾಗಿಸುವ ಆ ಮಾತ್ರೆಯ ಮೇಲೆ ಅವರ ಸಿಟ್ಟು ಇದ್ದ ಹಾಗೇ ಇದೆ. ಎಲ್ಲಿ ತಗುಲಿದರೂ ಮೈ ನೀಲಿಗಟ್ಟುತ್ತದೆ. ಬ್ಲೇಡು ತಾಗಿದರೆ ರಕ್ತ ನಿಲ್ಲುವುದಿಲ್ಲವೆಂದು ಗಡ್ಡ ಬಿಟ್ಟವರು ಸನ್ಯಾಸಿಯ ಹಾಗೆ ಓಡಾಡಿಕೊಂಡಿದ್ದಾರೆ. ಸನ್ಯಾಸಿಗೆ ಇರಬೇಕಾದ ಶಾಂತಿ ಮಾತ್ರ ಇಲ್ಲ.

ಊಟ ಬಿಟ್ಟು ಬರೆಯಬೇಡ.

ನಿನ್ನ ಅಕ್ಕ

—

ಜನವರಿ ೨೧

ಅಕ್ಕಾ,

ಬೈಗುಳ ತಲುಪಿತು. ಎರಡು ಸಲ ಓದಿ ಡೆಸ್ಕಿನಲ್ಲಿದ್ದವರಿಗೂ ಓದಿಸಿದೆ. ಆರೋಗ್ಯ ಪುಟದ ಹಿರಿಯ ಉಪಸಂಪಾದಕರು, 'ನಿಮ್ಮಕ್ಕನ್ನೇ ಇಲ್ಲಿ ಕೂರಿಸ್ಬೇಕಿತ್ತು ಕಣಯ್ಯ' ಎಂದರು.

ನನ್ನ ಕಷ್ಟವನ್ನೂ ಸ್ವಲ್ಪ ಕೇಳು. ಸಂಶೋಧನೆ ಎಂದರೆ ಒಂದು ಉತ್ತರವಲ್ಲ. ಇಂಥ ಜನರಲ್ಲಿ, ಇಂಥ ಕಾಯಿಲೆಯಲ್ಲಿ, ಇಷ್ಟು ಕಾಲ ನೋಡಿದಾಗ ಹೀಗೆ ಕಂಡಿತು ಎಂಬ ಒಂದು ಹೇಳಿಕೆ. ಆ 'ಇಂಥ'ಗಳನ್ನು ತೆಗೆದರೆ ಉಳಿಯುವುದು ಗಾಳಿಸುದ್ದಿ. ಎಲ್ಲವನ್ನೂ ಇಟ್ಟರೆ ಭಾವನಿಗೆ ನಿದ್ದೆ. ಇವೆರಡರ ನಡುವೆ ಹಗ್ಗದ ಮೇಲೆ ನಡೆದ ಹಾಗೆ ನಡೆಯಬೇಕು.

ಆದರೂ ನೀನು ಹೇಳಿದ್ದು ಮನಸ್ಸಿಗೆ ನಾಟಿತು. ಮುಂದಿನ ಲೇಖನವನ್ನು ನಿನ್ನ ಮಾತಿನಂತೆ ಬರೆದಿದ್ದೇನೆ. ವಿಷಯ ಕೇಳಿದರೆ ಭಾವ ಎದ್ದು ಕೂರುತ್ತಾರೆ, ಅವರ ಶತ್ರುವಿನದೇ, ರಕ್ತ ತೆಳುವಾಗಿಸುವ ಮಾತ್ರೆ. ಎದೆಬಡಿತದ ಲಯ ತಪ್ಪುವ ಕಾಯಿಲೆ ಇರುವವರಿಗೆ ಇದನ್ನು ಕೊನೆಯವರೆಗೂ ಕೊಡುವುದು ರೂಢಿ. ಚಿಕಿತ್ಸೆಯಿಂದ ಲಯ ಸರಿಹೋದ ಮೇಲೆ ಅವರಲ್ಲಿ ಕೆಲವರು ಬಿಡಬಹುದೇ ಎಂದು ಒಂದು ದೊಡ್ಡ ಅಧ್ಯಯನ ನಡೆದಿದೆ. ಬಿಟ್ಟವರಿಗೆ ಹೆಚ್ಚಿನ ತೊಂದರೆ ಏನೂ ಕಾಣಲಿಲ್ಲ. ಲೇಖನದ ತುಂಬ 'ಲಯ ತಪ್ಪಿದ ಎದೆಬಡಿತ' ಎಂದು ಎಳೆಯದೆ ಸುಮ್ಮನೆ 'ಹೃದಯದ ತೊಂದರೆ ಇರುವವರು' ಎಂದು ಬರೆದಿದ್ದೇನೆ. ನಿನ್ನ ಸಲಹೆಯಂತೆ 'ಆದರೆ'ಗಳನ್ನೆಲ್ಲ ಒಟ್ಟುಮಾಡಿ ಕೊನೆಯ ಪ್ಯಾರಾದಲ್ಲಿ ಗುಡ್ಡೆ ಹಾಕಿದ್ದೇನೆ. ಓದುವವರಿಗೆ ನಡುವೆ ಎಲ್ಲೂ ತೊಡರುವುದಿಲ್ಲ.

ಫೆಬ್ರವರಿಯ ಮೊದಲ ಭಾನುವಾರ ಬರುತ್ತದೆ. ಈ ಸಲವೂ ಭಾವ ಮಲಗಿದರೆ ನಾನು ಕೆಲಸ ಬದಲಿಸುತ್ತೇನೆ.

ನಿನ್ನ ತಮ್ಮ

—

ಫೆಬ್ರವರಿ ೧೨

ಪ್ರೀತಿಯ ತಮ್ಮನಿಗೆ,

ಕೆಲಸ ಬದಲಿಸಬೇಕಾಗಿಲ್ಲ. ನಿನ್ನ ಭಾವ ಮಲಗಲಿಲ್ಲ. ಕೂತು ಓದಿದರು, ಎದ್ದು ಬಾಲ್ಕನಿಗೆ ಹೋಗಿ ನಿಂತು ಓದಿದರು, ಕೆಳಗೆ ಹೋಗಿ ಟೈಲರ್‌ಗೆ ಓದಿ ಹೇಳಿದರು. ಆಮೇಲೆ ಅಚ್ಚುಕಟ್ಟಾಗಿ ಕತ್ತರಿಸಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದರು. ಮುಖ ತೊಳೆಯುವಾಗೆಲ್ಲ ನಾನೂ ನೋಡುತ್ತೇನೆ.

ತಲೆಬರಹ ನಿನ್ನದಲ್ಲ ಎಂದು ನಂಬಿದ್ದೇನೆ. 'ಇನ್ನು ಆ ಮಾತ್ರೆ ಬೇಡ' ಎಂದು ಅಷ್ಟಗಲ ಕೂಗಿದ್ದಾರೆ. ಒಳಗೆ ನೀನು ಮೆತ್ತಗೆ 'ಬೇಡವಾಗಬಹುದು' ಎಂದಿದ್ದೀಯ. ಬಸ್ಸಿನಲ್ಲಿ ಪಕ್ಕದವರ ಪತ್ರಿಕೆ ನೋಡುವವನಿಗೆ ಒಳಗಿನದು ಕಾಣುತ್ತದೆಯೇ? ಆ ಟಾನಿಕ್ಕಿನ ಕಾಲದಲ್ಲೂ ನಿಮ್ಮವರು ಮಾಡಿದ್ದು ಇದನ್ನೇ. ನಾನು ಅಂದೇ ಸಂಪಾದಕರಿಗೆ ಬರೆದಿದ್ದೆ. ಉತ್ತರ ಬರಲಿಲ್ಲ.

ಉಳಿದದ್ದು ಚೆನ್ನಾಗಿದೆ. ಹೊಳೆಯಲ್ಲಿ ದೋಣಿ ಹೋದ ಹಾಗೆ ಓದಿಸಿಕೊಂಡು ಹೋಗುತ್ತದೆ. ಕೊನೆಯಲ್ಲಿ ಮಾತ್ರ ಯಾರೋ ನಿನ್ನ ಬಾಯಿ ಮುಚ್ಚಿಸಿದ ಹಾಗಿತ್ತು. 'ಹೀಗಾಗಿ ಅನೇಕರಿಗೆ ಇದು ಬಿಡುಗಡೆಯ ಸುದ್ದಿ' ಎಂದು ಮುಗಿದುಬಿಡುತ್ತದೆ. ಅದರ ಕೆಳಗೆ ಹಾಸಿಗೆ ಮಾರುವವರ ಜಾಹೀರಾತು, ಒಬ್ಬಳು ಹೆಂಗಸು ಮಲಗಿ ನಗುತ್ತಿದ್ದಾಳೆ. ಗುಡ್ಡೆ ಹಾಕಿದ್ದೇನೆ ಎಂದಿದ್ದೆಯಲ್ಲ, ಅದು ನನಗೆ ಕಾಣಲಿಲ್ಲ.

ನಿನ್ನ ಭಾವ ಈಚೆಗೆ ಬಹಳ ಗೆಲುವಾಗಿದ್ದಾರೆ. ಗಡ್ಡ ತೆಗೆದಿದ್ದಾರೆ. ಬ್ಲೇಡಿನಲ್ಲೇ. ನಾನು ಗಾಬರಿಯಾಗಿ ಹೋಗಿ ನೋಡಿದರೆ ಕೆನ್ನೆಯ ಮೇಲೆ ಒಂದು ಗೀರಿತ್ತು, ಒಂದು ಹನಿ ರಕ್ತ, ಅದೂ ಆಗಲೇ ಒಣಗಿತ್ತು. ಕೈ ಪಳಗಿದೆ ಎಂದು ಸನ್ನೆ ಮಾಡಿ ನಕ್ಕರು. ಮೈಮೇಲಿನ ನೀಲಿಯೂ ಮಾಸುತ್ತಿದೆ. ಸಂಜೆ ಯಾವಾಗಿನ ಹಾಗೆ ಮಾತ್ರೆ, ನೀರಿನ ಲೋಟ ಹಿಡಿದು ಬಾಲ್ಕನಿಗೆ ಹೋಗುತ್ತಾರೆ, ಹೂಕುಂಡಗಳ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಾರೆ. ಈ ತಿಂಗಳ ರಕ್ತಪರೀಕ್ಷೆ ಆಗಿಲ್ಲ. ಲ್ಯಾಬಿನಲ್ಲಿ ಮೆಷಿನ್ ಕೆಟ್ಟಿದೆಯಂತೆ.

ಮನೆಯಲ್ಲಿ ಇಷ್ಟು ನಗು ಕಂಡು ಎಷ್ಟೋ ದಿನವಾಗಿತ್ತು. ಅದರ ಪಾಲು ನಿನಗೂ ಸೇರಬೇಕು.

ನಿನ್ನ ಅಕ್ಕ

—

ಮಾರ್ಚ್ ೩

ಅಕ್ಕಾ,

ತಡವಾಯಿತು, ಬೇಸರ ಮಾಡಬೇಡ. ಆ ಲೇಖನ ಬಂದಾಗಿನಿಂದ ನನಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ರೇಡಿಯೋದವರು ಕರೆದರು. ಇನ್ನೆರಡು ಪತ್ರಿಕೆಗಳು ಅದನ್ನೇ ಎತ್ತಿ ಹಾಕಿಕೊಂಡವು. ಸಂಪಾದಕರು ತಮ್ಮ ಕೋಣೆಗೆ ಕರೆದು ಚಹಾ ಕುಡಿಸಿದರು. ಅವರ ಕೋಣೆಯಲ್ಲಿ ಚಹಾ ಎಂದರೆ ನಮ್ಮಲ್ಲಿ ಪದಕ ಕೊಟ್ಟ ಹಾಗೆ. ದಿನವೂ ವಾಚಕರ ಕಾಗದ ಬರುತ್ತಿದೆ. ಧೈರ್ಯ ಕೊಟ್ಟಿರಿ, ನಿಮ್ಮ ಲೇಖನ ಓದಿ ಡಾಕ್ಟರನ್ನು ಕೇಳಿದೆ, ನಮ್ಮ ತಂದೆಗೆ ಓದಿ ಹೇಳಿದೆ ಎಂದೆಲ್ಲ. ಒಬ್ಬರು ಮಾತ್ರ, ಡಾಕ್ಟರನ್ನು ಕೇಳುವುದೇಕೆ, ನೀವೇ ಹೇಳಿದ ಮೇಲೆ ಮುಗಿಯಿತು ಎಂದು ಬರೆದಿದ್ದರು. ಅದನ್ನು ಓದಿ ಮೈ ಜುಮ್ಮೆಂದಿತು. ಪಕ್ಕಕ್ಕಿಟ್ಟೆ.

ನಿನ್ನ ಕಣ್ಣು ತಪ್ಪಿಸಲು ಸಾಧ್ಯವೇ? ಕೊನೆಯ ಪ್ಯಾರಾ ಹೋಯಿತು. ಶನಿವಾರ ಸಂಜೆ ಹಾಸಿಗೆಯವರ ಜಾಹೀರಾತು ಬಂತು, ಜಾಗ ಬೇಕಾಯಿತು. ಇಲ್ಲಿನ ಕ್ರಮ ಅದು, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿ. ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ ಎಂದು ಎಲ್ಲರಿಗೂ ಕಲಿಸಿರುತ್ತಾರೆ, ಹಾಗಾಗಿ ಕತ್ತರಿಸುವವನು ಓದುವ ಗೋಜಿಗೆ ಹೋಗುವುದಿಲ್ಲ. ಸೋಮವಾರ ನೋಡಿ ನಾನು ಕೂಗಾಡಿದೆ. ಮುಂದಿನ ವಾರ ಹಾಕೋಣ ಎಂದರು. ಮುಂದಿನ ವಾರ ಚುನಾವಣೆ ಬಂತು. ಹೇಗೂ ಮಾತ್ರೆ ಬರೆದುಕೊಡುವವರು ಡಾಕ್ಟರುಗಳು, ಅವರಿಗೆ ಗೊತ್ತಿರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಭಾವ ಗಡ್ಡ ತೆಗೆದ ಮುಖ ನೋಡಬೇಕು ಎನ್ನಿಸುತ್ತಿದೆ. ಫೋಟೋ ಕಳಿಸು.

ನಿನ್ನ ತಮ್ಮ

—

ಮಾರ್ಚ್ ೧೦

ತಮ್ಮನಿಗೆ,

ನಿನ್ನ ಕಾಗದ ನಿನ್ನೆ ಬಂತು. ಉದ್ದುದ್ದ ಬರೆಯುವುದಿಲ್ಲ. ಆ ಕೊನೆಯ ಪ್ಯಾರಾದಲ್ಲಿ ಏನಿತ್ತು?

ಕೇಳಲು ಕಾರಣವಿದೆ. ಪಂಪ್‌ಹೌಸಿನ ಹಳಬರೆಲ್ಲ ಸೇರುವ ಸಮಾರಂಭಕ್ಕೆಂದು ನಿನ್ನ ಭಾವ ಹೊಸ ಅಂಗಿ ಹೊಲಿಸಲು ಹೊರಟರು. ನಾನೂ ಜೊತೆಗೆ ಕೆಳಗೆ ಇಳಿದೆ. ಟೈಲರ್ ಅಳತೆ ಟೇಪನ್ನು ಎದೆಗೆ ಸುತ್ತಿದವನು ಹಾಗೇ ಕಿವಿಯನ್ನು ಹತ್ತಿರ ತಂದು ಏನೋ ಅಂದ. ಇಬ್ಬರೂ ನಕ್ಕರು. ಇವರ ನಗು ಅವನದಕ್ಕಿಂತ ಮೊದಲೇ ನಿಂತಿತು. ಏನಂದೆ ಎಂದು ನಾನು ಬಿಡದೆ ಕೇಳಿದ್ದಕ್ಕೆ ಅವನು ನನ್ನ ಎಡಗಿವಿಗೆ ಕೂಗಿ ಹೇಳಿದ.

'ಸಾರ್ ಇವತ್ತು ಗಡಿಯಾರ ಮನೇಲೇ ಬಿಟ್ಟು ಬಂದ್ರಾ ಅಂದೆ ಕಣಮ್ಮ. ಯಾವಾಗ್ಲೂ ಟೇಪ್ ಹಿಡಿದ್ರೆ ಟಿಕ್ ಟಿಕ್ ಅಂತಿತ್ತು.'

ಮೇಲೆ ಹತ್ತಿ ಬರುವಾಗ ಅರ್ಧ ಮೆಟ್ಟಿಲಲ್ಲಿ ಕೂತರು. ಮಂಡಿ ಹಿಡಿಯಿತು ಎಂದು ಸನ್ನೆ ಮಾಡಿದರು. ಕೈ ಇಟ್ಟುಕೊಂಡದ್ದು ಮಂಡಿಯ ಮೇಲಲ್ಲ. ಈಗ ಅವರು ದಿಂಬು ಎತ್ತರ ಮಾಡಿಕೊಂಡು ಒರಗಿಯೇ ಮಲಗುತ್ತಾರೆ. ನಾನು ಎದೆಯ ಮೇಲೆ ಅಂಗೈ ಇಟ್ಟರೆ ಬಡಿತವೇನೋ ಇದೆ, ಮೊದಲಿನ ಆ ಗಟ್ಟಿ ತಟ್ಟುವಿಕೆ ಇಲ್ಲ. ಬಾಗಿಲ ಆಚೆಯಿಂದ ಯಾರೋ ಬಟ್ಟೆ ಸುತ್ತಿದ ಕೈಯಲ್ಲಿ ತಟ್ಟಿದ ಹಾಗೆ. ನನ್ನ ಕಿವಿ ಹೋದ ಹಾಗೆ ಅಂಗೈಯೂ ಹೋಯಿತೇನೋ ಎಂದು ಮೊದಲು ಅಂದುಕೊಂಡೆ. ಟೈಲರನ ಕಿವಿ ಚೆನ್ನಾಗಿದೆ.

ಮಾತ್ರೆ ನುಂಗುತ್ತಿದ್ದೀರಾ ಎಂದರೆ ಖಾಲಿಯಾದ ಮಾತ್ರೆಪಟ್ಟಿ ತೋರಿಸುತ್ತಾರೆ. ಆಸ್ಪತ್ರೆ ಎಂದರೆ ಸಮಾರಂಭ ಮುಗಿಯಲಿ ಎನ್ನುತ್ತಾರೆ. ನಿನ್ನ ಲೇಖನದ ಚೂರು ಕನ್ನಡಿಯಲ್ಲೇ ಇದೆ. ಇವತ್ತು ಅದನ್ನು ತೆಗೆದು ಮತ್ತೆ ಓದಿದೆ. ಲೋಹದ ವಾಲ್ವ್ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಬೇಕು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಇರುವುದು 'ಹೃದಯದ ತೊಂದರೆ ಇರುವವರು' ಎಂದಷ್ಟೇ.

ಅದರಲ್ಲಿ ಏನಿತ್ತು? ತಕ್ಷಣ ತಿಳಿಸು.

ಅಕ್ಕ

—

ಮಾರ್ಚ್ ೧೪

ಅಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ, ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಈ ಮಾತನ್ನು ಆಸ್ಪತ್ರೆಯ ವರಾಂಡದಲ್ಲಿ ನಿನ್ನ ಕಿವಿಗೆ ಕೂಗಿ ಹೇಳಲು ನನ್ನಿಂದ ಆಗುವುದಿಲ್ಲ.

ನಿನ್ನ ಕಾಗದ ಓದಿದವನೇ ಫೋನ್ ಮಾಡಿದೆ. ಭಾವ ತೆಗೆದರು. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ.

'ನೀನೇ ಬೇಡ ಅಂತ ಬರ್ದಿದ್ದಲ್ವೇನೋ, ಪತ್ರಿಕೆ ಸಾಹೇಬ' ಎಂದರು.

ಅದು ನಿಮ್ಮಂಥವರಿಗಲ್ಲ ಭಾವ ಎಂದೆ. ಅವರು ನನಗೇ ಸಮಾಧಾನ ಹೇಳಿದರು. 'ಹೊಸ ವಾಲ್ವಿಗೆ ಎಣ್ಣೆ ಬೇಕು, ಒಗ್ಗಿಕೊಂಡಿದ್ದಕ್ಕೆ ಯಾಕೆ? ಪಂಪ್‌ಹೌಸಲ್ಲಿ ನಾನು ನೋಡದ ವಾಲ್ವಾ? ಡಾಕ್ಟ್ರಿಗೆ ಇದು ತಿಳಿಯೋಕೆ ಇಷ್ಟು ವರ್ಷ ಬೇಕಾಯ್ತು ಅಷ್ಟೆ. ನಿಮ್ಮಕ್ಕಂಗೆ ಹೇಳ್ಬೇಡ ಮಾರಾಯ, ಬೈತಾಳೆ.'

ಅಲ್ಲಿಗೆ ಕೆಮ್ಮು ಬಂತು, ಫೋನ್ ಇಟ್ಟರು. ನಾನು ಟೈಲರ್ ಅಂಗಡಿಗೆ ಫೋನ್ ಮಾಡಿ, ಹೊಲಿಯುವುದನ್ನು ಬಿಟ್ಟು ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಪ್ಪಾ ಎಂದು ಬೇಡಿಕೊಂಡೆ. ಅವನು ಫೋನನ್ನು ಮೇಜಿನ ಮೇಲೇ ಬಿಟ್ಟು ಓಡಿದ. ಅಂಗಡಿಯ ಹುಡುಗನ ಮೆಷಿನ್ ಓಡುವ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು.

ನೀನು ಕೇಳಿದ್ದಕ್ಕೆ ಉತ್ತರ. ಕೊನೆಯ ಪ್ಯಾರಾ ಹೀಗಿತ್ತು:

'ಆದರೆ ಈ ಅಧ್ಯಯನ ನಡೆದದ್ದು ಎದೆಬಡಿತದ ಲಯ ತಪ್ಪಿ ಈಗ ಸರಿಹೋದವರಲ್ಲಿ ಮಾತ್ರ. ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರನ್ನು ಇದರಲ್ಲಿ ಸೇರಿಸಿಕೊಂಡಿರಲಿಲ್ಲ. ಅವರು ಯಾವ ಕಾರಣಕ್ಕೂ ಈ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿ ಅದು ತೆರೆದು ಮುಚ್ಚದಂತಾಗಬಹುದು. ಅದರ ಸದ್ದು ಮಂದವಾದರೆ ಒಂದು ಗಳಿಗೆಯೂ ಕಾಯಬಾರದು.'

ಅದನ್ನು ಬರೆಯುವಾಗ ನನ್ನ ಕಣ್ಣಮುಂದೆ ಇದ್ದದ್ದು ಭಾವನೇ. ಅವರಿಗೆ ಬೇರೆ ಹೇಳಬೇಕಾಗಿಲ್ಲ, ಲೇಖನದಲ್ಲೇ ಇದೆಯಲ್ಲ ಎಂದುಕೊಂಡೆ. ಅದು ಹೋಯಿತೆಂದು ಗೊತ್ತಾದ ಮೇಲೂ, ಭಾವನಿಗೆ ಡಾಕ್ಟರಿದ್ದಾರಲ್ಲ ಎಂದುಕೊಂಡು ಸುಮ್ಮನಾದೆ.

ಬಸ್ಸು ಬಂತು.

—

ಏಪ್ರಿಲ್ ೨೦

ಅಕ್ಕಾ,

ಬಂದು ತಲುಪಿದೆ. ನಾನು ಹೊರಟಾಗ ನೀನು ಬಾಗಿಲಲ್ಲಿ ನಿಂತಿದ್ದೆ. ಬೈಯುತ್ತೀಯ ಎಂದು ಕೊನೆಯ ಮೆಟ್ಟಿಲವರೆಗೂ ಕಾದೆ.

ಹೂಕುಂಡದ ಮಣ್ಣನ್ನು ಬದಲಿಸಬೇಡ ಎಂದು ನೀನು ಟೈಲರ್‌ಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಮಾತ್ರೆ ಕರಗಿ ಗುಲಾಬಿ ಬಣ್ಣಕ್ಕೆ ತಿರುಗಿದ ಆ ಮಣ್ಣನ್ನು ದಿನವೂ ನೋಡುತ್ತ ಕೂರಬೇಡ ಅಕ್ಕಾ. ಇದು ಮಾತ್ರ ನನ್ನ ಕೋರಿಕೆ.

ಇವತ್ತು ಸಂಪಾದಕರ ಹತ್ತಿರ ಹೋದೆ. ಒಂದು ತಿದ್ದುಪಡಿ ಹಾಕಿ, ನಾಲ್ಕೇ ಸಾಲು, ಅದೇ ಪುಟದಲ್ಲಿ ಎಂದು ಕೇಳಿದೆ. ಅವರು ಕೆಟ್ಟವರಲ್ಲ. ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಲೇಖನವನ್ನು ತರಿಸಿ ಪೂರ್ತಿ ಓದಿದರು. ಆಮೇಲೆ ಹೇಳಿದರು: 'ಹಾಕಿರೋದ್ರಲ್ಲಿ ತಪ್ಪೆಲ್ಲಿದೆ ಹೇಳಿ. ಪ್ರತಿ ವಾಕ್ಯ ಸರಿಯಾಗಿದೆ. ಹಾಕದೆ ಇರೋದಕ್ಕೆ ತಿದ್ದುಪಡಿ ಹೇಗೆ ಹಾಕೋದು?'

ವಕೀಲರೂ ಬೇಡ ಎಂದರಂತೆ. ಬಹಳ ಒತ್ತಾಯಿಸಿದ ಮೇಲೆ, ವಾಚಕರು ಯಾರಾದರೂ ಬರೆದರೆ ವಾಚಕರ ಅಂಕಣದಲ್ಲಿ ನೋಡೋಣ, ಅಲ್ಲೂ ಜಾಗ ಇದ್ದಷ್ಟು ಎಂದರು.

ನಾನು ಪಕ್ಕಕ್ಕಿಟ್ಟಿದ್ದೆ ಎಂದೆನಲ್ಲ, ಡಾಕ್ಟರನ್ನು ಕೇಳುವುದೇಕೆ ಎಂದು ಬರೆದಿದ್ದವರ ಕಾಗದ. ಅದನ್ನು ಇವತ್ತು ಹುಡುಕಿದೆ. ವಿಳಾಸ ಬರೆದಿಲ್ಲ. ಅವರಿಗೆ ಯಾವ ಕಾಯಿಲೆ ಎಂದೂ ಬರೆದಿಲ್ಲ. ಅಂಥವರು ಎಷ್ಟು ಜನ ಲೇಖನ ಕತ್ತರಿಸಿ ಕನ್ನಡಿಗೆ ಸಿಕ್ಕಿಸಿಕೊಂಡಿದ್ದಾರೋ ಗೊತ್ತಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ ವಯಸ್ಸಾದವರ ಪಕ್ಕ ನಿಂತರೆ ನಾನೀಗ ಕಿವಿಗೊಟ್ಟು ಕೇಳುತ್ತಿರುತ್ತೇನೆ.

ನಾನು ಈ ಕೆಲಸ ಬಿಡಲೇ? ನೀನು ಹೇಳಿದ ಹಾಗೆ ಮಾಡುತ್ತೇನೆ.

ತಮ್ಮ

—

ಏಪ್ರಿಲ್ ೨೭

ತಮ್ಮನಿಗೆ,

ಬಿಡಬೇಡ. ಬಿಟ್ಟರೆ ಆ ಜಾಗಕ್ಕೆ 'ಆದರೆ' ಎಂದು ಒಂದು ಸಲವೂ ಬರೆಯದವನು ಬಂದು ಕೂರುತ್ತಾನೆ. ನಿನ್ನ 'ಆದರೆ'ಗಳನ್ನು ಅವು ಹುಟ್ಟಿದ ಜಾಗದಲ್ಲೇ ಬಿಡು. ಓದುವವನಿಗೆ ನಿದ್ದೆ ಬಂದರೆ ಬರಲಿ, ಬೆಳಿಗ್ಗೆ ಏಳುತ್ತಾನೆ. ಗುಡ್ಡೆ ಹಾಕು ಎಂದವಳು ನಾನು. ಅದರ ಬಗ್ಗೆ ನೀನೂ ಮಾತಾಡಬೇಡ, ನಾನೂ ಮಾತಾಡುವುದಿಲ್ಲ.

ವಾಚಕರು ಬರೆದರೆ ಹಾಕುತ್ತಾರೆ ಎಂದೆಯಲ್ಲ. ಇದರ ಜೊತೆಗಿರುವುದನ್ನು ನಿನ್ನ ಕೈಯಾರೆ ಅವರ ಮೇಜಿನ ಮೇಲೆ ಇಡು.

ಅಕ್ಕ

—

ಏಪ್ರಿಲ್ ೨೭

ಸಂಪಾದಕರಿಗೆ,

ಎದೆಯಲ್ಲಿ ಲೋಹದ ವಾಲ್ವ್ ಇರುವವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು. ಈಗಾಗಲೇ ನಿಲ್ಲಿಸಿದ್ದರೆ, ವಾಲ್ವಿನ ಸದ್ದು ಮಂದವಾಗಿದ್ದರೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಿದ್ದರೆ, ಈ ಪತ್ರಿಕೆಯನ್ನು ಇಲ್ಲೇ ಮಡಚಿಟ್ಟು ಆಸ್ಪತ್ರೆಗೆ ಹೋಗಬೇಕು.

ಕೆಳಗಿನಿಂದ ಕತ್ತರಿಸುವುದು ನಿಮ್ಮ ಕ್ರಮ ಎಂದು ತಿಳಿದುಬಂದದ್ದರಿಂದ ಹೇಳಬೇಕಾದದ್ದನ್ನು ಮೊದಲೇ ಹೇಳಿದ್ದೇನೆ. ಇನ್ನು ನಿಮ್ಮ ಕತ್ತರಿ ಎಲ್ಲಿಗೆ ಬಂದರೂ ಅಡ್ಡಿಯಿಲ್ಲ.

ಫೆಬ್ರವರಿಯ ಮೊದಲ ಭಾನುವಾರ 'ಇನ್ನು ಆ ಮಾತ್ರೆ ಬೇಡ' ಎಂದು ನೀವು ಹಾಕಿದ ಲೇಖನ ಮೇಲೆ ಹೇಳಿದವರಿಗೆ ಸಂಬಂಧಪಟ್ಟದ್ದಲ್ಲ. ಹಾಗೆಂದು ಲೇಖಕ ಸ್ಪಷ್ಟವಾಗಿ ಬರೆದಿದ್ದ. ಆ ಸಾಲುಗಳಿದ್ದ ಜಾಗದಲ್ಲಿ ನೀವು ಹಾಸಿಗೆ ಹಾಸಿದಿರಿ. ಹಾಕಿದ್ದರಲ್ಲಿ ತಪ್ಪಿಲ್ಲ ಎನ್ನುತ್ತೀರಂತೆ. ಅರ್ಧ ಸೇತುವೆ ಕಟ್ಟಿದವನೂ ಕಟ್ಟಿದಷ್ಟು ಗಟ್ಟಿಯಾಗಿದೆ ಎಂದು ಹೇಳಬಹುದು.

ಹಿಂದೊಮ್ಮೆ ಒಂದು ಟಾನಿಕ್ಕಿನ ವಿಷಯವಾಗಿ ನಿಮ್ಮ ಪತ್ರಿಕೆಗೆ ಬರೆದಿದ್ದೆ. ಆಗ ನಿಮ್ಮ ಕುರ್ಚಿಯಲ್ಲಿ ಬೇರೆಯವರಿದ್ದರು. ಉತ್ತರ ಬರಲಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ, ನೆನಪು ಮಾತ್ರ ಸರಿಯಾಗಿದೆ.

ಮಾರ್ಚ್ ಹದಿನೈದರ ಬೆಳಿಗ್ಗೆ, ನನ್ನ ತಮ್ಮ ಬಸ್ಸಿಳಿದು ಬರುವ ಮೊದಲೇ, ನನ್ನ ಯಜಮಾನರು ಆಸ್ಪತ್ರೆಯಲ್ಲಿ ತೀರಿಹೋದರು. ನನ್ನ ಅಂಗೈ ಅವರ ಎದೆಯ ಮೇಲೇ ಇತ್ತು. ಜಾಗ ಸಾಲದಿದ್ದರೆ ಈ ಪ್ಯಾರಾವನ್ನು ಕತ್ತರಿಸಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು